ಸೊಸೆ ಬ್ರೆಜಿಲ್‌ನವಳು, ಮನೆ ಹುಬ್ಬಳ್ಳಿಯದು: ಇಲ್ಲೇ ಉಳಿಯೋದು ಹೇಗೆ?

ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿಕೆ ಮಾಡುವ ನನಗೆ ಈ ವಾರ ಬಂದ ಪತ್ರಗಳಲ್ಲಿ ಮೂರು ಒಂದೇ ಜಾಡಿನವು. ಮೂರಕ್ಕೂ ಇಲ್ಲೇ ಉತ್ತರಿಸುತ್ತೇನೆ.

ಪ್ರಶ್ನೆ: ನನ್ನ ಮಗ ವಿದೇಶದಲ್ಲಿ ಕೆಲಸದಲ್ಲಿದ್ದಾಗ ಪರಿಚಯವಾದ ಬ್ರೆಜಿಲ್ ದೇಶದ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದಾನೆ. ಮದುವೆ ಆಗಿದ್ದು ಕಳೆದ ತಿಂಗಳು, ಇಲ್ಲಿಯ ದೇವಸ್ಥಾನದಲ್ಲಿ. ಅವಳು ಕ್ರಿಶ್ಚಿಯನ್. ಬಂದದ್ದು ಟೂರಿಸ್ಟ್ ವೀಸಾ ಮೇಲೆ, ಇನ್ನು ಏಳು ವಾರ ಉಳಿದಿದೆ. ಇಬ್ಬರೂ ಹುಬ್ಬಳ್ಳಿಯಲ್ಲೇ ಪರ್ಮನೆಂಟ್ ಆಗಿ ನೆಲೆಸುವ ಮನಸ್ಸು ಮಾಡಿದ್ದಾರೆ. ಪರಿಚಯದ ಏಜೆಂಟ್ ಒಬ್ಬರು, "ಆಧಾರ್, ವೋಟರ್ ಕಾರ್ಡ್ ಮಾಡಿಸಿಬಿಡಿ, ಆಮೇಲೆ ಯಾರೂ ಕೇಳಲ್ಲ" ಅನ್ನುತ್ತಾರೆ. ಏನು ಮಾಡೋಣ?
ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ಆ ಏಜೆಂಟ್‌ಗೆ ಕೈಮುಗಿದು ಬಿಡಿ ತಾಯಿ. ವಿದೇಶಿಯರಿಗೂ ಆಧಾರ್ ಸಿಗುತ್ತದೆ, ನಿಜ. ಆದರೆ ಅರ್ಜಿ ಹಾಕುವ ಮುಂಚಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಸಿಕ್ಕರೂ ಅದು ಪೌರತ್ವದ ದಾಖಲೆ ಅಲ್ಲ. ವೋಟರ್ ಕಾರ್ಡ್ ಮಾತಂತೂ ಎತ್ತಲೇಬೇಡಿ. ಆ ಅರ್ಜಿಯಲ್ಲಿ "ನಾನು ಭಾರತದ ಪ್ರಜೆ" ಎಂದು ಸಹಿ ಮಾಡಬೇಕಾಗುತ್ತದೆ. ಸುಳ್ಳು ಸಹಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಅದಕ್ಕಿಂತ ದೊಡ್ಡ ಪೆಟ್ಟು ಎಂದರೆ, ಮುಂದೆ ಅವಳು ಹಾಕುವ ಪ್ರತಿ ಅರ್ಜಿಗೂ ಆ ಒಂದು ಸಹಿ ಅಡ್ಡ ಬರುತ್ತದೆ.

ಈಗ ಏಳು ವಾರದ ವಿಷಯ. ದೇವಸ್ಥಾನದಲ್ಲಿ ತಾಳಿ ಕಟ್ಟಿದ್ದು ನಿಮ್ಮ ಮನೆಗೆ ಮದುವೆ. ಸರ್ಕಾರಕ್ಕೆ ನೋಂದಣಿ ಬೇಕು. ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಆಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ಹಾಗಾಗಿ ನಿಮಗೆ ಇರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಬೇರೆ ರೀತಿಯಲ್ಲಿ ಆಗಿಹೋದ ಮದುವೆಯನ್ನೂ ಅದರಡಿ ನೋಂದಾಯಿಸಲು ಅವಕಾಶವಿದೆ. ಮದುವೆಯಾದಾಗಿನಿಂದ ಒಟ್ಟಿಗೆ ಬಾಳುತ್ತಿರಬೇಕು, ಅರ್ಜಿಗೆ ಮೊದಲು 30 ದಿನ ಈ ಜಿಲ್ಲೆಯಲ್ಲಿ ವಾಸವಾಗಿರಬೇಕು. ಅದು ನಿಮಗೆ ಆಗಿದೆ. ಅರ್ಜಿ ಕೊಟ್ಟ ಮೇಲೆ ಆಕ್ಷೇಪಣೆಗೆಂದು ಮತ್ತೆ 30 ದಿನ ನೋಟಿಸ್ ಹಾಕುತ್ತಾರೆ. ಏಳು ವಾರ ಅಂದರೆ 49 ದಿನ. ಅದರಲ್ಲಿ 30 ಇಲ್ಲೇ ಹೋಯಿತು. ಈ ವಾರವೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅನ್ನುವುದು ಅದಕ್ಕೇ. ಈ ಹಿಂದೆ ಅವಳಿಗೆ ಮದುವೆ ಆಗಿಲ್ಲ ಎನ್ನುವ ಪ್ರಮಾಣಪತ್ರವನ್ನು ಅವಳ ದೇಶದಿಂದ ಕೇಳಬಹುದು. ಅದನ್ನು ಇವತ್ತೇ ತರಿಸಲು ಶುರು ಮಾಡಲಿ.

ನೋಂದಣಿ ಪತ್ರ ಕೈಗೆ ಬಂದ ತಕ್ಷಣ ಟೂರಿಸ್ಟ್ ವೀಸಾವನ್ನು ಎಂಟ್ರಿ ವೀಸಾ ಆಗಿ ಬದಲಿಸಿಕೊಡಿ ಎಂದು ಬೆಂಗಳೂರಿನ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ ಅರ್ಜಿ ಹಾಕಬೇಕು. ಈಗ ಎಲ್ಲಾ ಆನ್‌ಲೈನ್‌ನಲ್ಲೇ ಆಗುತ್ತದೆ. ಭಾರತೀಯರನ್ನು ಮದುವೆಯಾದವರಿಗೆ ಈ ಬದಲಾವಣೆ ಮಾಡಿಕೊಡುವ ಪದ್ಧತಿ ಇದೆ. ಆದರೆ ಅದು ಹಕ್ಕಲ್ಲ. ಕೊಡುವುದು, ಬಿಡುವುದು ಅಧಿಕಾರಿಗಳಿಗೆ ಸೇರಿದ್ದು. ದಿನ ಸಾಲದು ಅನ್ನಿಸಿದರೆ ಅವಧಿ ಮುಗಿಯುವ ಮೊದಲೇ ಅವಳು ಊರಿಗೆ ಹೋಗಿ, ಅಲ್ಲಿಂದ ಎಂಟ್ರಿ ವೀಸಾ ಮಾಡಿಸಿಕೊಂಡು ಬರಲಿ. ಹೊಸ ಸೊಸೆಯನ್ನು ಕಳಿಸಬೇಕಲ್ಲ ಅಂತ ನಿಮಗೆ ಸಂಕಟ ಆಗುತ್ತದೆ, ಗೊತ್ತು. ಆದರೂ ಒಂದು ದಿನವೂ ಅವಧಿ ಮೀರಿ ಇರಿಸಿಕೊಳ್ಳಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇದು ಅವಳೊಬ್ಬಳ ವಿಷಯ ಅಲ್ಲ. ಪೌರತ್ವ ಕಾಯ್ದೆಯ ಪ್ರಕಾರ 2004ರ ಡಿಸೆಂಬರ್ 3ರಿಂದ ಈಚೆಗೆ ಭಾರತದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಭಾರತೀಯ ಆಗಬೇಕಾದರೆ, ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದರಷ್ಟೇ ಸಾಲದು. ಇನ್ನೊಬ್ಬರು ಆ ಹೊತ್ತಿನಲ್ಲಿ ಅಕ್ರಮ ವಲಸಿಗ ಆಗಿರಬಾರದು. ಸರಿಯಾದ ವೀಸಾದಲ್ಲೇ ಬಂದು, ಅವಧಿ ಮುಗಿದ ಮೇಲೂ ಉಳಿದವರು ಕಾನೂನಿನ ಕಣ್ಣಿನಲ್ಲಿ ಅಕ್ರಮ ವಲಸಿಗರೇ. ಸುಮ್ನೆ ನಾಲ್ಕು ದಿನ ಜಾಸ್ತಿ ಇದ್ದರೇನಾಯಿತು ಎಂದುಕೊಂಡರೆ, ನಾಳೆ ನಿಮ್ಮ ಮೊಮ್ಮಗುವಿನ ಪೌರತ್ವಕ್ಕೇ ತೊಡಕಾಗಬಹುದು.

ಇನ್ನು ನೀವು ಕೇಳಿದ "ಪರ್ಮನೆಂಟ್". ನಮ್ಮಲ್ಲಿ ಅಮೆರಿಕದ ಗ್ರೀನ್ ಕಾರ್ಡಿನಂಥದ್ದು ಇಲ್ಲ. ಅದಕ್ಕೆ ಹತ್ತಿರದ್ದು ಒಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್. ನೋಂದಣಿಯಾದ ಮದುವೆ ಎರಡು ವರ್ಷ ನಿರಂತರ ಮುಂದುವರಿದಿದ್ದರೆ ಸೊಸೆ ಅರ್ಜಿ ಹಾಕಬಹುದು. ಭಾರತದೊಳಗಿಂದ ಹಾಕಿದರೆ ಶುಲ್ಕ 15,000 ರೂಪಾಯಿ. ಟೂರಿಸ್ಟ್ ವೀಸಾದಲ್ಲಿ ಇದ್ದವರು ಇಲ್ಲಿಂದ ಹಾಕುವಂತಿಲ್ಲ. ಕಾರ್ಡ್ ಸಿಕ್ಕ ಮೇಲೆ ಜೀವನಪೂರ್ತಿ ವೀಸಾ ಚಿಂತೆ ಇಲ್ಲ, ಮತ ಹಾಕುವ ಹಕ್ಕೂ ಇಲ್ಲ. ಹುಬ್ಬಳ್ಳಿಯಲ್ಲಿ ಮನೆ ಕೊಳ್ಳಬಹುದು. ನವಲಗುಂದದ ಕಡೆ ಎರಡು ಎಕರೆ ಎರಿಹೊಲ ಕೊಳ್ಳಲಾಗದು, ವಾರಸುದಾರಿಕೆಯಿಂದ ಬಂದರೆ ಮಾತ್ರ ಸರಿ.

ಒಂದು ಮಾತನ್ನು ಸೊಸೆಗೆ ಮುಚ್ಚಿಡಬೇಡಿ. ಮದುವೆ ಮುರಿದರೆ ಈ ಕಾರ್ಡನ್ನು ರದ್ದು ಮಾಡುವ ಅಧಿಕಾರ ಸರ್ಕಾರಕ್ಕಿದೆ. ಹತ್ತು ಹದಿನೈದು ವರ್ಷ ಇಲ್ಲಿ ಬಾಳಿದ ಹೆಣ್ಣುಮಗಳು ಗಂಡನ ಜೊತೆಗೆ ನೆಲೆಯನ್ನೂ ಕಳೆದುಕೊಳ್ಳಬೇಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಕಾನೂನು ಇರುವುದು ಹಾಗೆ. ಅದಕ್ಕೇ, ಏಳು ವರ್ಷ ಇಲ್ಲಿ ನೆಲೆಸಿದ ಮೇಲೆ ಪೌರತ್ವಕ್ಕೇ ಅರ್ಜಿ ಹಾಕುವ ಬಗ್ಗೆ ಅವಳು ಯೋಚಿಸಲಿ. ಅದಕ್ಕೆ ಬ್ರೆಜಿಲ್ ಪೌರತ್ವ ಬಿಡಬೇಕಾಗುತ್ತದೆ. ಅದು ಅವಳೊಬ್ಬಳೇ ತೀರ್ಮಾನಿಸುವ ವಿಷಯ. ಮನೆಯವರು ಒತ್ತಾಯ ಮಾಡಬಾರದು.

ಅಂದ ಹಾಗೆ, ವಿದೇಶಿಯರು ಬಂದು ಇಳಿದುಕೊಂಡ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸುವ ನಿಯಮ ಹೋಟೆಲಿಗಷ್ಟೇ ಅಲ್ಲ, ಮನೆಗಳಿಗೂ ಇದೆ. ಇಷ್ಟು ದಿನ ಸಿ ಫಾರ್ಮ್ ಅನ್ನುತ್ತಿದ್ದುದು ಅದನ್ನೇ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದು 1946ರ ಹಳೆಯ ಕಾಯ್ದೆ ಹೋಗಿದೆ, ಈ ಹೊಣೆ ಹೋಗಿಲ್ಲ. ನೀವು ತಿಳಿಸಿಲ್ಲದಿದ್ದರೆ ಈಗಲಾದರೂ ತಿಳಿಸಿ.

ಪ್ರಶ್ನೆ: ನಾನು ಫ್ರಾನ್ಸ್ ದೇಶದವಳು. ಒಂಬತ್ತು ವರ್ಷದಿಂದ ಧಾರವಾಡದಲ್ಲಿದ್ದು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ವೀಸಾ ಯಾವಾಗಲೂ ಸರಿಯಾಗಿಟ್ಟಿದ್ದೇನೆ. ವರ್ಷಕ್ಕೆ ಎರಡು ತಿಂಗಳು ಊರಿಗೆ ಹೋಗುತ್ತೇನೆ. ಮದುವೆ ಆಗಿಲ್ಲ. ನನಗೆ ಇಲ್ಲಿ ಶಾಶ್ವತವಾಗಿ ಇರಲು ಅನುಮತಿ ಸಿಗುತ್ತದೆಯೇ?
ಓದುಗರು, ಧಾರವಾಡ

ಉತ್ತರ: ನಿಮ್ಮ ಪತ್ರ ಕೈಬರಹದಲ್ಲಿತ್ತು. "ಹೃದಯ" ಬರೆಯುವಾಗ ಮೊದಲು ಹ ಅಕ್ಷರಕ್ಕೆ ರ ಒತ್ತು ಕೊಟ್ಟು, ಹೊಡೆದು, ಪಕ್ಕದಲ್ಲಿ ಸರಿಯಾಗಿ ಬರೆದಿದ್ದೀರಿ. ಆ ತಿದ್ದುಪಡಿ ನೋಡಿ ಖುಷಿಯಾಯಿತು. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ಬೇಸರದ ಸುದ್ದಿ. ಇಷ್ಟು ವರ್ಷ ಇದ್ದರು, ಆದ್ದರಿಂದ ಇಲ್ಲೇ ಇರಲಿ ಎಂದು ಕೊಡುವ ಕಾಯಂ ವಾಸದ ಪರವಾನಗಿ ಭಾರತದಲ್ಲಿ ಇಲ್ಲ. 2016ರಲ್ಲಿ ಕೇಂದ್ರ ಸಂಪುಟ ಅಂಥದ್ದೊಂದನ್ನು ಒಪ್ಪಿತು. ಅದು ಹೂಡಿಕೆದಾರರಿಗೆ. 18 ತಿಂಗಳಲ್ಲಿ 10 ಕೋಟಿ ಅಥವಾ 36 ತಿಂಗಳಲ್ಲಿ 25 ಕೋಟಿ ರೂಪಾಯಿ ತೊಡಗಿಸಿ, 20 ಜನ ಭಾರತೀಯರಿಗೆ ಕೆಲಸ ಕೊಡಬೇಕು. ತಂಬೂರಿ ಹಿಡಿದು ಬಂದವರಿಗೆ ಅದು ದಾರಿಯಲ್ಲ.

ನಿಮಗೆ ಉಳಿದಿರುವುದು ಪೌರತ್ವ ಕಾಯ್ದೆಯ 6ನೇ ಸೆಕ್ಷನ್, ಅಂದರೆ ಬಹಳ ವರ್ಷ ಇಲ್ಲಿ ವಾಸವಿದ್ದ ಆಧಾರದ ಮೇಲೆ ಭಾರತದ ಪೌರತ್ವವನ್ನೇ ಕೇಳುವುದು. ಅರ್ಜಿಗೆ ಹಿಂದಿನ 12 ತಿಂಗಳು ಪೂರ್ತಿ ಇಲ್ಲೇ ಇರಬೇಕು. ವಿಶೇಷ ಕಾರಣವಿದ್ದರೆ ಒಟ್ಟು 30 ದಿನದವರೆಗೆ ರಿಯಾಯಿತಿ ಕೊಡಬಹುದು. ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಕೂಡಿಸಿ 11 ವರ್ಷ ಇದ್ದಿರಬೇಕು. ವರ್ಷಕ್ಕೆ ಹತ್ತು ತಿಂಗಳಂತೆ ನಿಮ್ಮ ಒಂಬತ್ತು ವರ್ಷ ಏಳೂವರೆ ಆಗುತ್ತದೆ. ಇದೇ ರೀತಿ ಮುಂದುವರಿದರೆ ಅರ್ಜಿಗೆ ಇನ್ನೂ ಐದು ವರ್ಷದ ಮೇಲಾಗುತ್ತದೆ. ಹಿಂದೆ ಒಬ್ಬರು ಹಳೆಯ ಪಾಸ್‌ಪೋರ್ಟ್‌ಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ನನ್ನ ಕಚೇರಿಗೆ ಬಂದಿದ್ದರು. ಇಬ್ಬರೂ ಕೂತು ಒಂದೊಂದೇ ಮುದ್ರೆ ನೋಡಿ, ಹೋದ ದಿನ ಬಂದ ದಿನ ಬರೆದುಕೊಂಡು ಲೆಕ್ಕ ಹಾಕಿದೆವು. ಮಸಿ ಹರಡಿದ ಒಂದು ಮುದ್ರೆಯಲ್ಲಿ 3 ಇದೆಯೋ 8 ಇದೆಯೋ ತಿಳಿಯದೆ ಒಂದು ಸಂಜೆಯೇ ಹೋಯಿತು. ನೀವು ಹಾಗೆ ಮಾಡಿಕೊಳ್ಳಬೇಡಿ. ಪ್ರತಿ ಸಲ ಬಂದಾಗ, ಹೋದಾಗ ಒಂದು ಪಟ್ಟಿಯಲ್ಲಿ ಬರೆದಿಡಿ. ಹಳೆಯ ಪಾಸ್‌ಪೋರ್ಟ್, ನೋಂದಣಿ ಪತ್ರ ಯಾವುದನ್ನೂ ಎಸೆಯಬೇಡಿ.

ಈಗ ಆ "ಹೃ" ವಿಷಯ. ಪೌರತ್ವಕ್ಕೆ ಇನ್ನೊಂದು ಷರತ್ತು, ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ ಭಾಷೆಗಳಲ್ಲಿ ಒಂದು ತಕ್ಕಮಟ್ಟಿಗೆ ಬರಬೇಕು. ಹಿಂದಿಯೇ ಆಗಬೇಕೆಂದು ಎಲ್ಲೂ ಇಲ್ಲ. ಕನ್ನಡ ಆ ಪಟ್ಟಿಯಲ್ಲಿದೆ. "ಆರಾಮ ಅದೀರೇನ್ರಿ" ಎಂದು ಪತ್ರ ಶುರು ಮಾಡಿದ ನಿಮಗೆ ಅದು ಹೊರೆ ಆಗಲಾರದು, ಅಲ್ವಾ?

ಅರ್ಜಿ ಆನ್‌ಲೈನ್‌ನಲ್ಲಿ ಹಾಕಿದರೂ ಜಿಲ್ಲಾಧಿಕಾರಿ ಕಚೇರಿ, ರಾಜ್ಯ ಸರ್ಕಾರ ದಾಟಿ ದೆಹಲಿಯ ಗೃಹ ಇಲಾಖೆಗೆ ಹೋಗುತ್ತದೆ. ನಿಮ್ಮ ನಡತೆಯ ಬಗ್ಗೆ ಭಾರತೀಯರಿಬ್ಬರು ಪ್ರಮಾಣಪತ್ರ ಕೊಡಬೇಕು. ಅರ್ಜಿ ಒಪ್ಪಿದರೆ ಫ್ರಾನ್ಸ್ ಪೌರತ್ವ ಬಿಡುತ್ತೇನೆ ಎಂದು ನೀವು ಬರೆದುಕೊಡಬೇಕು. ಎಲ್ಲಾ ಸರಿಯಿದ್ದರೂ ಕೊಡಲೇಬೇಕೆಂದಿಲ್ಲ. ಅಲ್ಲಿಯವರೆಗೆ ವೀಸಾ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ ಕೆನಡಾದ ಪಿ.ಆರ್. (ಕಾಯಂ ವಾಸದ ಅನುಮತಿ) ಸಿಕ್ಕು ನಾಲ್ಕು ವರ್ಷವಾಯಿತು. ಎರಡೂವರೆ ವರ್ಷ ಅಲ್ಲಿದ್ದ. ನನಗೆ ಪಾರ್ಶ್ವವಾಯು ಆದ ಮೇಲೆ ಒಂದೂವರೆ ವರ್ಷದಿಂದ ಗದಗಿನಲ್ಲೇ ಇದ್ದು ನೋಡಿಕೊಳ್ಳುತ್ತಿದ್ದಾನೆ. ನನ್ನಿಂದಾಗಿ ಅವನ ಪಿ.ಆರ್. ಹೋಗುತ್ತದೆಯೇ?
ಓದುಗರು, ಗದಗ

ಉತ್ತರ: ಹೋಗುವುದಿಲ್ಲ. ಆ ಭಾರ ಮನಸ್ಸಿನಿಂದ ಇಳಿಸಿಬಿಡಿ. ಕೆನಡಾ ಕೇಳುವುದು ಐದು ವರ್ಷದಲ್ಲಿ 730 ದಿನ. ನಿಮ್ಮ ಮಗ ಅಲ್ಲಿದ್ದದ್ದು ಸುಮಾರು 910 ದಿನ. ಪಿ.ಆರ್. ಕಾರ್ಡಿನ ಅವಧಿ ಮುಗಿದರೂ ಪಿ.ಆರ್. ಹೋಗುವುದಿಲ್ಲ. ಹೊರಗಿದ್ದಾಗ ಮುಗಿದರೆ ವಾಪಸು ಹೋಗಲು ಪ್ರತ್ಯೇಕ ಪ್ರಯಾಣ ದಾಖಲೆ ಮಾಡಿಸಬೇಕು, ಅಷ್ಟೆ.

ಎಚ್ಚರ ಬೇಕಾಗಿರುವುದು ಐದು ವರ್ಷ ತುಂಬಿದ ಮೇಲೆ. ಆಗ ಯಾವ ದಿನ ಕೇಳಿದರೂ ಅದರ ಹಿಂದಿನ ಐದು ವರ್ಷವನ್ನೇ ನೋಡುತ್ತಾರೆ. ಮೊದಲು ಅಲ್ಲಿ ಕಳೆದ ದಿನಗಳು ಒಂದೊಂದಾಗಿ ಲೆಕ್ಕದಿಂದ ಜಾರುತ್ತವೆ. ಗದಗಿನಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಅಲ್ಲಿಯ ಕೆಲಸ ಮಾಡಿದ ದಿನಗಳು ಸಾಮಾನ್ಯವಾಗಿ ಎಣಿಕೆಗೆ ಬರುವುದಿಲ್ಲ.

ಮಗನಿಗೆ ಅಲ್ಲಿಯ ಪೌರತ್ವ ಬೇಕಿದ್ದರೆ ಐದು ವರ್ಷದಲ್ಲಿ 1,095 ದಿನ ಬೇಕು. ಇನ್ನು 185 ದಿನ ಕಡಿಮೆ ಇದೆ. ಆರು ತಿಂಗಳೊಳಗೆ ಹೋಗಿ ಅಲ್ಲೇ ಇದ್ದರೆ ಹಳೆಯ ದಿನ ಜಾರುವ ಮೊದಲೇ ತುಂಬುತ್ತದೆ. ಪಿ.ಆರ್. ಸಿಗುವ ಮುಂಚೆ ಓದಲು ಅಥವಾ ಕೆಲಸಕ್ಕೆ ಅಲ್ಲಿದ್ದರೆ ಆ ದಿನಗಳೂ ಅರ್ಧರ್ಧ ದಿನದಂತೆ 365ರವರೆಗೆ ಸೇರುತ್ತವೆ. ಅದನ್ನು ಅವನು ನೋಡಿಕೊಳ್ಳಲಿ.

ಕೆನಡಾ ಪೌರತ್ವ ತೆಗೆದುಕೊಂಡ ದಿನವೇ ಭಾರತದ ಪೌರತ್ವ ತಾನಾಗಿ ಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ನಿಮ್ಮನ್ನು ನೋಡಲು ಗದಗಿಗೆ ಬರಬೇಕಾದರೆ ಅವನಿಗೂ ಬೇಕಾಗುವುದು ಮೇಲೆ ಹೇಳಿದ ಅದೇ ಒಸಿಐ ಕಾರ್ಡ್. ಅದನ್ನು ಮಾಡಿಸಿಕೊಳ್ಳದೆ ಕೂರಬೇಡ ಎಂದು ಈಗಲೇ ಹೇಳಿಡಿ. ನಿಮಗೆ ಹುಷಾರಿಲ್ಲ ಎಂಬ ಫೋನ್ ಹೋದ ರಾತ್ರಿ ಅವನು ವೀಸಾಕ್ಕೆ ಅರ್ಜಿ ಬರೆಯುತ್ತ ಕೂರುವಂತಾಗಬಾರದು.