ಗಂಗವ್ವನ ಕೈಗೆ ಕೆಲಸ ಕೊಡಿ

ನಮಸ್ಕಾರ. ನಿಮ್ಮ ಕತೆಯನ್ನು ಎರಡು ಸಲ ಓದಿದೆ. 1877ರ ಬರಗಾಲದಲ್ಲಿ ವಿಜಾಪುರದ ಕಡೆಯ ಹಳ್ಳಿ ಬಿಟ್ಟು, ಎಳೆಗೂಸು ಎತ್ತಿಕೊಂಡು ಮುಂಬೈ ಮಿಲ್ಲಿಗೆ ಬರುವ ಗಂಗವ್ವ. ಇಂಥವಳ ಕತೆ ಕನ್ನಡದಲ್ಲಿ ಬರಲೇಬೇಕು. ಆದರೆ ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ.

ಗಂಗವ್ವ ವಿಜಾಪುರದಲ್ಲಿ ರೈಲು ಹತ್ತುತ್ತಾಳೆ. ಆ ಊರಿಗೆ ರೈಲು ಬಂದದ್ದು 1884ರಲ್ಲಿ. ಅವಳು ಸೊಲ್ಲಾಪುರದ ತನಕ ನಡೆಯಬೇಕು, ಸುಮಾರು 100 ಕಿಲೋಮೀಟರ್. ಬರಗಾಲದಲ್ಲಿ, ಕಂಕುಳಲ್ಲಿ ಕೂಸು! ಒಂದು ತಪ್ಪಿನಿಂದ ಇಡೀ ನಡಿಗೆಯೇ ಕೈಬಿಟ್ಟು ಹೋಯಿತು, ಅಲ್ವಾ? ಇಳಿಯುವುದೂ ವಿಟಿಯಲ್ಲಲ್ಲ (ವಿಕ್ಟೋರಿಯಾ ಟರ್ಮಿನಸ್ ಆಗಿನ್ನೂ ಕಟ್ಟಿರಲಿಲ್ಲ), ಹಳೆಯ ಬೋರಿಬಂದರು ನಿಲ್ದಾಣದಲ್ಲಿ. ಮತ್ತೆ, ಹಳ್ಳಿಯವಳ ಬಾಯಲ್ಲಿ 'ನನಗೆ ಹಸಿವಾಗುತ್ತಿದೆ' ಬೇಡ. 'ಹೊಟ್ಟಿ ಹಸದದ' ಅನ್ನಲಿ.

ಇವನ್ನೆಲ್ಲ ತಿದ್ದಬಹುದು. ನನ್ನ ದೊಡ್ಡ ತಕರಾರು ಬೇರೆ. ಹನ್ನೆರಡು ಪುಟಗಳಲ್ಲಿ ಗಂಗವ್ವ ಒಂಬತ್ತು ಸಲ ಅಳುತ್ತಾಳೆ. ಕೆಲಸ ಮಾಡುವುದು ಒಮ್ಮೆಯೂ ಕಾಣಿಸುವುದಿಲ್ಲ. 'ಮಿಲ್ಲಿನಲ್ಲಿ ದುಡಿದು ದಣಿದಳು' ಅಂತ ಸುಮ್ನೆ ದಾಟಿಬಿಟ್ಟಿದ್ದೀರಿ. ಆಗ ಹೆಂಗಸರು ಜಾಸ್ತಿ ಇದ್ದದ್ದು ರೀಲಿಂಗ್, ವೈಂಡಿಂಗ್ ಖಾತೆಗಳಲ್ಲಿ, ಅಂದರೆ ನೂಲು ಸುತ್ತುವ ವಿಭಾಗಗಳಲ್ಲಿ. ಎಷ್ಟು ನೂಲು ಸುತ್ತಿದರೆ ಅಷ್ಟು ಕೂಲಿ. ನಾನು ಬೆಳೆದ ಮುಂಬೈಯ ಲಾಲ್‌ಬಾಗ್ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ರೀಲಿಂಗ್ ಖಾತೆಯಲ್ಲಿದ್ದ ಅಜ್ಜಿಯೊಬ್ಬರಿದ್ದರು. ಮಾತಾಡುವಾಗಲೂ ಅವರ ಬೆರಳು ಸೆರಗಿನ ಎಳೆ ಸುತ್ತುತ್ತಲೇ ಇರುತ್ತಿತ್ತು. ಗಂಗವ್ವನ ಬೆರಳು ನನಗೆ ಕಾಣಬೇಕು.

ಅವಳು ರಾತ್ರಿ ಹತ್ತಕ್ಕೆ ಮಿಲ್ ಬಿಡುವುದೂ ಸರಿಯಲ್ಲ. ಮಿಲ್ಲುಗಳಿಗೆ ಆಗ ಕರೆಂಟ್ ದೀಪ ಇರಲಿಲ್ಲ. ಬೆಳಕು ಹರಿದಾಗ ಶುರು, ಹೊತ್ತು ಮುಳುಗಿದಾಗ ಮುಗಿತು. ಅಂದರೆ ಬೇಸಿಗೆ ಬಂದಂತೆ ದುಡಿಮೆಯೂ ಉದ್ದ. ಹೆಂಗಸರ ಕೆಲಸಕ್ಕೆ ದಿನಕ್ಕೆ 11 ಗಂಟೆಯ ಮಿತಿ ಬಂದದ್ದೇ 1891ರ ಕಾರ್ಖಾನೆ ಕಾಯ್ದೆಯಿಂದ.

ಹಾಗಾದರೆ ಅಷ್ಟು ಹೊತ್ತು ಕೋಣೆಯಲ್ಲಿ ಕೂಸು ಹೇಗೆ ಮಲಗಿತ್ತು? ನೀವು ನೆರೆಮನೆಯ ಕೆಟ್ಟ ಹೆಂಗಸೊಬ್ಬಳನ್ನು ತಂದು, ಅವಳು ಕದ್ದು ಅಫೀಮು ತಿನ್ನಿಸಿದಳು ಅಂತ ಬರೆದಿದ್ದೀರಿ. ಮುಂಬೈ ಮಿಲ್ಲುಗಳ ಎಷ್ಟೋ ತಾಯಂದಿರು ತಾವೇ ಕೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಆ ಕೆಟ್ಟ ಹೆಂಗಸನ್ನು ತೆಗೆದುಹಾಕಿ. ಗುಳಿಗೆ ಗಂಗವ್ವನ ಕೈಯಲ್ಲೇ ಇರಲಿ. ಎಷ್ಟು ಕೊಡಬೇಕು ಅಂತ ಅವಳಿಗೆ ಯಾರು ಹೇಳಿಕೊಟ್ಟರು? ಕೊಟ್ಟ ಮೇಲೆ ಎಷ್ಟು ಹೊತ್ತು ಕೂಸಿನ ಉಸಿರು ನೋಡುತ್ತ ಕೂತಳು? ತಡವಾದರೆ ಕೂಲಿ ಹೋಗುತ್ತದೆ, ಅದೂ ಅವಳಿಗೆ ಗೊತ್ತು.

ಇಡೀ ಕತೆ ಈಗಲೇ ತಿದ್ದಬೇಡಿ. ಆ ಒಂದು ನಸುಕು ಮಾತ್ರ, ಅವಳು ಎದ್ದಾಗಿನಿಂದ ಮಿಲ್ಲಿನ ಗೇಟಿನ ತನಕ ಬರೆದು ಕಳಿಸಿ. ನಾಲ್ಕು ಪುಟ ಸಾಕು. ಬಂದ ದಿನವೇ ಓದುತ್ತೇನೆ.