ಟೊಮೆಟೊ ಮಂಡಿ ಬಿಲ್ ಬಿಟ್ಟು ಕೌಂಟರ್ ಬಟನ್ ಯಾಕೆ ಬರೆದ್ರಿ?

ನಮಸ್ಕಾರ. ನೀವು ಕೋಲಾರದಿಂದ ಕಳಿಸಿದ ಲೇಖನ, ಚೈಲ್ಡ್ ಕಾಂಪೊನೆಂಟ್‌ನಿಂದ (ವೆಬ್ ಸ್ಕ್ರೀನಿನ ಒಳಗಿನ ತುಂಡು) ಪೇರೆಂಟ್‌ಗೆ (ಅದನ್ನ ಹೊತ್ತಿರೋ ಹೊರಗಿನ ತುಂಡು) ಈವೆಂಟ್, ಅಂದ್ರೆ ಏನೋ ಆಯ್ತು ಅನ್ನೋ ಸುದ್ದಿ, ಕಳಿಸೋದು (ಎಮಿಟ್ ಮಾಡೋದು) ಹೇಗೆ ಅನ್ನೋದು, ಪೂರ್ತಿ ಓದ್ದೆ. ನೇರವಾಗೇ ಹೇಳ್ಬಿಡ್ತೀನಿ, ಈಗಿರೋ ಹಾಗೆ ಹಾಕೋಕಾಗಲ್ಲ. ಭಾಷೆ ಚೆನ್ನಾಗಿದೆ, ತಕರಾರಿರೋದು ಒಳಗಿನ ಸರಕಿನ ಬಗ್ಗೆ.

ಜೊತೆಗಿದ್ದ ಪತ್ರದಲ್ಲಿ ನೀವೇ ಬರ್ದಿದ್ದೀರಿ, ಎಪಿಎಂಸಿಲಿ ಒಂದು ಟೊಮೆಟೊ ಮಂಡಿಗೆ ವ್ಯೂನಲ್ಲಿ (ರಿಯಾಕ್ಟ್, ಆಂಗ್ಯುಲರ್ ಥರ ವೆಬ್ ಸ್ಕ್ರೀನ್ ಕಟ್ಟೋ ಜಾವಾಸ್ಕ್ರಿಪ್ಟ್ ಸಾಧನ) ಬಿಲ್ಲಿಂಗ್ ಸ್ಕ್ರೀನ್ ಮಾಡ್ಕೊಟ್ಟಿದ್ದೀನಿ, ಒಂದೊಂದು ಲಾಟೂ ಒಂದೊಂದು ಚೈಲ್ಡು, ಅಲ್ಲಿ ಬಾಕ್ಸ್ ಎಷ್ಟು ಅಂತ ತಿದ್ದಿದ್ರೆ ಮೇಲೆ ಬಿಲ್ ಟೋಟಲ್ ಬದಲಾಗ್ಬೇಕು ಅಂತ. ಅಂಥದ್ದನ್ನ ಕೈಯಲ್ಲಿಟ್ಕೊಂಡು ಲೇಖನದಲ್ಲಿ ಪ್ಲಸ್ ಒತ್ತಿದ್ರೆ ಒಂದು ಜಾಸ್ತಿ ಆಗೋ ಕೌಂಟರ್ ಬರ್ದಿದ್ದೀರಲ್ರೀ! ಆ ಕೌಂಟರ್ ಇಲ್ಲದ ಟ್ಯುಟೋರಿಯಲ್ಲೇ ಇಲ್ಲ. 15 ಕೆಜಿ ಬಾಕ್ಸು, ಲಾಟ್ ನಂಬರು, ಹರಾಜಲ್ಲಿ ಕೂಗಿದ ರೇಟು, ಇವೆಲ್ಲ ಇರೋ ಸ್ಕ್ರೀನ್ ನಿಮ್ಮ ಹತ್ರ ಇದೆ, ಅದನ್ನೇ ಬರೀರಿ. ಹಾಸ್ಟೆಲ್‌ನಲ್ಲಿರೋ ಮಗ ಅಪ್ಪಂಗೆ ಫೋನ್ ಮಾಡಿ ದುಡ್ಡು ಕೇಳೋ ಹೋಲಿಕೆ ಅರ್ಧ ಪುಟ ಓಡಿದೆ, ಒಂದು ಸಾಲು ಉಳಿಸ್ಕೊಂಡು ಮಿಕ್ಕಿದ್ದು ಹೊಡೆದಾಕಿ.

ಈಗ ತಪ್ಪಿನ ವಿಷಯ. ಎರಡನೇ ಪುಟದಲ್ಲಿ "ಚೈಲ್ಡ್ ಎಮಿಟ್ ಮಾಡಿದ್ದು ಪೇರೆಂಟು, ಅದರ ಪೇರೆಂಟು ಅಂತ ತಾನಾಗೇ ಮೇಲಕ್ಕೆ ಹೋಗ್ತಾ ಇರುತ್ತೆ" ಅಂದಿದ್ದೀರಿ. ಹೋಗಲ್ಲ. ಬ್ರೌಸರ್‌ನ ಕ್ಲಿಕ್ ಈವೆಂಟ್ ಹಾಗೆ ಬಬಲ್ ಆಗುತ್ತೆ ನಿಜ, ಬಟನ್‌ನಿಂದ ಶುರುವಾಗಿ ಸುತ್ತ ಇರೋ ಡಿವ್, ಬಾಡಿ ಎಲ್ಲಾ ದಾಟ್ಕೊಂಡು ಡಾಕ್ಯುಮೆಂಟ್ ತನಕ. ಆದ್ರೆ ವ್ಯೂ ಕಾಂಪೊನೆಂಟ್ ಎಮಿಟ್ ಮಾಡಿದ್ದು ನೇರ ಪೇರೆಂಟ್‌ಗೆ ಮಾತ್ರ ಕೇಳುತ್ತೆ, ಆಂಗ್ಯುಲರ್‌ನಲ್ಲಿ ಇದೇ ಕೆಲಸ ಮಾಡೋ ಔಟ್‌ಪುಟ್ಟೂ ಅಷ್ಟೇ. ರಿಯಾಕ್ಟ್‌ನಲ್ಲಂತೂ ಚೈಲ್ಡ್‌ಗೆ ಕೊಡೋದು ಬರೀ ಒಂದು ಫಂಕ್ಷನ್ನು, ಪ್ರಾಪ್ (ಪೇರೆಂಟ್ ಚೈಲ್ಡ್‌ಗೆ ಕೊಡೋ ಮಾಹಿತಿ) ಆಗಿ, ಅದನ್ನ ಅದು ಕರೆದ್ರೆ ಕೆಲಸ ಆಗುತ್ತೆ, ಇಲ್ಲಾಂದ್ರೆ ಇಲ್ಲ. ನಿಮ್ಮ ಸ್ಕ್ರೀನಲ್ಲೇ ಲಾಟ್ ಸಾಲು, ಅದರ ಮೇಲೆ ರೈತರ ಗುಂಪು, ಅದರ ಮೇಲೆ ಬಿಲ್ ಅಂತ ಮೂರು ಹಂತ ಇದ್ರೆ ನಡುವಿನದ್ದು ಮತ್ತೆ ಎಮಿಟ್ ಮಾಡ್ಬೇಕು, ಅದು ಬೇಜಾರಾದ್ರೆ ನಡುವಿನ ಹಂತ ದಾಟಿ ತಲುಪಿಸೋ ಪ್ರೊವೈಡ್-ಇಂಜೆಕ್ಟ್ ಅಥವಾ ಎಲ್ಲರಿಗೂ ಬೇಕಾದ ಡೇಟಾ ಒಂದೇ ಕಡೆ ಇಡೋ ಪಿನಿಯಾ. ನೀವು ಹೇಳಿರೋ ಈವೆಂಟ್ ಬಸ್ (ಎಲ್ಲಾ ಕಾಂಪೊನೆಂಟೂ ಈವೆಂಟ್ ಹಾಕಿ ಕೇಳೋ ಒಂದೇ ಜಾಗ) ವ್ಯೂ 2ರ ಕಾಲದ್ದು, 2020ರಲ್ಲಿ ಬಂದ ವ್ಯೂ 3ರಲ್ಲಿ ಈವೆಂಟ್ ಕೇಳೋಕೆ, ಕೇಳೋದು ನಿಲ್ಲಿಸೋಕೆ ಇದ್ದ ಡಾಲರ್-ಆನ್, ಡಾಲರ್-ಆಫ್ ಎರಡನ್ನೂ ತೆಗೆದಿದ್ದಾರೆ, ಓದಿದವರು ಕಾಪಿ ಹೊಡೆದು ಓಡಿಸಿದ್ರೆ ಎರರ್ ಬರುತ್ತೆ, ಬೈಸ್ಕೊಳ್ಳೋದು ನಾವು.

ಇದಕ್ಕಿಂತ ನನಗೆ ಕಾಡಿದ್ದು ಲೇಖನದಲ್ಲಿ ಇಲ್ಲದೇ ಇರೋ ಪ್ರಶ್ನೆ, ಡೇಟಾ ಯಾರದ್ದು? ಲಾಟ್ ಆಬ್ಜೆಕ್ಟನ್ನ ಪ್ರಾಪ್ ಆಗಿ ಕೊಟ್ಟು ಚೈಲ್ಡ್ ಒಳಗೇ ಬಾಕ್ಸ್ ಸಂಖ್ಯೆ ತಿದ್ದಿದ್ರೆ ವ್ಯೂ ಸುಮ್ನಿರುತ್ತೆ, ವಾರ್ನಿಂಗೂ ಕೊಡಲ್ಲ, ಟೋಟಲ್ಲೂ ಸರಿಯಾಗೇ ಬರುತ್ತೆ, ಹಾಗಾದ್ರೆ ಎಮಿಟ್ ಯಾಕೆ ಬೇಕು ಅಂತ ಓದೋರು ಕೇಳೇ ಕೇಳ್ತಾರೆ. ಉತ್ತರ ನಿಮ್ಮ ಮಂಡಿಲೇ ಇದೆ. ಬಿಲ್ ಲಾಕ್ ಆದ್ಮೇಲೆ ಯಾರೋ 12 ಇದ್ದಿದ್ದನ್ನ 120 ಮಾಡಿದ್ರೆ ಬೇಡ ಅನ್ನೋರು ಯಾರು? ಚೈಲ್ಡ್ ಬರೀ ಲಾಟ್ ನಂಬರ್ ಇದು, ಬಾಕ್ಸ್ ಇಷ್ಟಾಗಿದೆ ಅಂತ ತಿಳಿಸಿದ್ರೆ ಒಪ್ಪೋದೋ ಬಿಡೋದೋ ಪೇರೆಂಟ್ ನೋಡ್ಕೊಳ್ಳುತ್ತೆ, ಟೋಟಲ್ ಬದಲಾಯಿಸು ಅಂತ ಚೈಲ್ಡ್ ಆರ್ಡರ್ ಮಾಡ್ಬಾರ್ದು, ಈವೆಂಟ್ ಹೆಸರೂ ಹಂಗೇ ಇಡಿ. ಪ್ರಾಪನ್ನ ಚೈಲ್ಡ್ ಒಳಗೇ ತಿದ್ದೋ ಇದೇ ಕಳ್ಳದಾರಿ ರಿಯಾಕ್ಟ್‌ನಲ್ಲಿ ಹಿಡಿದ್ರೆ ರೀ-ರೆಂಡರೇ (ಸ್ಕ್ರೀನ್ ಮತ್ತೆ ಮೂಡೋದು) ಆಗಲ್ಲ, ಹಳೇ ಟೋಟಲ್ ಹಾಗೇ ಕೂತಿರುತ್ತೆ. ಇನ್ನೊಂದು ಮಜಾ ಇದೆ, ಪೇರೆಂಟ್ ಬೇಡ ಅಂದಾಗ ರಿಯಾಕ್ಟ್‌ನ ಕಂಟ್ರೋಲ್ಡ್ ಇನ್‌ಪುಟ್ (ಕೋಡ್ ಕೊಟ್ಟ ನಂಬರನ್ನೇ ತೋರಿಸೋದು) ಹಳೇ ನಂಬರ್‌ಗೆ ವಾಪಸ್ ಬರುತ್ತೆ, ವ್ಯೂನಲ್ಲಿ ಬರೀ ವ್ಯಾಲ್ಯೂ ಬೈಂಡ್ ಮಾಡಿದ್ರೆ (ನಂಬರನ್ನ ಇನ್‌ಪುಟ್‌ಗೆ ಜೋಡಿಸಿದ್ರೆ) ಟೈಪ್ ಮಾಡಿದ್ದು ಅಲ್ಲೇ ನಿಂತಿರುತ್ತೆ. ಇದನ್ನ ನೀವೇ ಓಡಿಸಿ ನೋಡಿ ಒಂದು ಪ್ಯಾರಾ ಬರೀರಿ, ಅಷ್ಟಿದ್ರೂ ನಾನು ಲೇಖನ ತಗೋತೀನಿ.

ಸಣ್ಣಪುಟ್ಟದ್ದು. ಇನ್‌ಪುಟ್‌ನಿಂದ ಬರೋ ವ್ಯಾಲ್ಯೂ ಸ್ಟ್ರಿಂಗು (ನಂಬರ್ ಅಲ್ಲ, ಬರೀ ಅಕ್ಷರದ ಸಾಲು), 12ಕ್ಕೆ 8 ಕೂಡಿಸಿದ್ರೆ 20 ಬದಲು 128 ಬಾಕ್ಸ್ ಆಗುತ್ತೆ, ನಂಬರ್ ಮಾಡಿ ಆಮೇಲೆ ಕಳಿಸಿ. ಆನ್‌ಕ್ಲಿಕ್ ಒಳಗೆ ಫಂಕ್ಷನ್ ಹೆಸರಿನ ಮುಂದೆ ಬ್ರ್ಯಾಕೆಟ್ ಹಾಕಿದ್ದೀರಿ, ವ್ಯೂ ಟೆಂಪ್ಲೇಟಲ್ಲಿ ನಡೆಯುತ್ತೆ, ರಿಯಾಕ್ಟ್‌ನಲ್ಲಿ ಬಟನ್ ಒತ್ತೋಕೆ ಮುಂಚೆ, ರೆಂಡರ್ ಆಗೋವಾಗ್ಲೇ ಅದು ಓಡಿಬಿಡುತ್ತೆ. ಎಮಿಟ್ ಮಾಡೋ ಹೆಸರನ್ನ ಡಿಫೈನ್‌ಎಮಿಟ್ಸ್‌ನಲ್ಲಿ (ವ್ಯೂನಲ್ಲಿ ಈವೆಂಟ್ ಹೆಸರುಗಳನ್ನ ಮೊದಲೇ ಪಟ್ಟಿ ಮಾಡೋ ಜಾಗ) ಬರೀರಿ, ಇಲ್ಲಾಂದ್ರೆ ಬಟನ್ನೇ ರೂಟ್ (ಎಲ್ಲಕ್ಕಿಂತ ಹೊರಗಿನ ಟ್ಯಾಗು) ಆಗಿರೋ ಚೈಲ್ಡಲ್ಲಿ ಕ್ಲಿಕ್ ಅಂತಾನೇ ಎಮಿಟ್ ಮಾಡಿದಾಗ ಪೇರೆಂಟ್ ಹ್ಯಾಂಡ್ಲರ್ ಎರಡು ಸಲ ಓಡುತ್ತೆ.

ಆಂಗ್ಯುಲರ್ ಭಾಗ ಪೂರ್ತಿ ತೆಗೀರಿ, ನೀವು ಅದರಲ್ಲಿ ಕೆಲಸ ಮಾಡಿಲ್ಲ ಅನ್ನೋದು ಓದಿದ್ರೇ ಗೊತ್ತಾಗುತ್ತೆ. ವ್ಯೂ ಮುಖ್ಯ ಇರಲಿ, ರಿಯಾಕ್ಟ್ ಬೇರೆ ದಾರಿ ಹಿಡಿಯೋ ಕಡೆ ಮಾತ್ರ ಬರಲಿ. ಮಂಡಿಯವರ ಹೆಸರು, ರೈತರ ಹೆಸರು ಕೋಡಲ್ಲಿ ಉಳಿದಿದ್ರೆ ಬದಲಾಯಿಸಿ. ಮತ್ತೆ ಕೋಡನ್ನ ಸ್ಕ್ರೀನ್‌ಶಾಟ್ ಹೊಡೆದು ಕಳಿಸ್ಬೇಡಿ, ಟೆಕ್ಸ್ಟಾಗೇ ಕಳಿಸಿ, ಯಾವ ವರ್ಷನ್‌ನಲ್ಲಿ ಓಡಿಸಿದ್ರಿ ಅಂತ ಮೇಲೆ ಒಂದು ಸಾಲು ಹಾಕಿ.