ಓದುಗರ ಪ್ರಶ್ನೆ, ನಮ್ಮ ಉತ್ತರ: ಚಹಾದ ಹಾಲು ಯಾಕೆ ಒಡೆಯುತ್ತದೆ?

ಪ್ರಶ್ನೆ: ಶುಂಠಿ ಚಹಾ ಮಾಡಿದಾಗಲೆಲ್ಲ ಹಾಲು ಒಡೆದುಹೋಗುತ್ತದೆ. ಅದೇ ಹಾಲಿನಲ್ಲಿ ಬರೀ ಚಹಾ ಮಾಡಿದರೆ ಏನೂ ಆಗುವುದಿಲ್ಲ. ಹಾಲು ಬದಲಿಸಬೇಕೆ?
– ಓದುಗರು, ಧಾರವಾಡ

ಉತ್ತರ: ಹಾಲು ಬದಲಿಸಬೇಡಿ, ಶುಂಠಿ ಹಾಕುವ ಹೊತ್ತು ಬದಲಿಸಿ. ಹಸಿಶುಂಠಿಯಲ್ಲಿ ಪ್ರೋಟೀನನ್ನು ತುಂಡರಿಸುವ ಒಂದು ಕಿಣ್ವವಿದೆ. ಹಾಲು 60–70 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವಾಗ ಅದರ ಆಟ ಜೋರು. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಬಿಸಿಹಾಲನ್ನು ಶುಂಠಿರಸದ ಮೇಲೆ ಸುರಿದು, ನಮ್ಮ ಗಿಣ್ಣಿನ ಹಾಗೆ ಹೆಪ್ಪುಗಟ್ಟುವ ಸಿಹಿ ಮಾಡುವುದು ಇದೇ ಗುಣ ನಂಬಿಕೊಂಡು. ಅಲ್ಲಿ ಬೇಕಾದದ್ದು ಚಹಾದಲ್ಲಿ ಬೇಡ. ಈ ಕಿಣ್ವ ಕುದಿಯುವ ನೀರಿನಲ್ಲಿ ಕೆಲಸ ನಿಲ್ಲಿಸುತ್ತದೆ. ಆದ್ದರಿಂದ ಶುಂಠಿ ಮೊದಲು ನೀರಿನಲ್ಲೇ ಕುದಿಯಬೇಕು.

ಎರಡು ಲೋಟ ಚಹಾಕ್ಕೆ ಒಂದೂಕಾಲು ಲೋಟ ನೀರಿಡಿ. ಅರ್ಧ ಇಂಚು ಶುಂಠಿ ಜಜ್ಜಿ ಹಾಕಿ ಮೂರ್ನಾಲ್ಕು ನಿಮಿಷ ಚೆನ್ನಾಗಿ ಕುದಿಸಿ. ತುರಿದು ಹಾಕಿದರೆ ರಸ ಹೆಚ್ಚು ಬಿಡುತ್ತದೆ, ಇನ್ನೊಂದು ನಿಮಿಷ ಕೊಡಿ. ಆಮೇಲೆ ಎರಡು ಚಮಚ ಚಹಾಪುಡಿ, ಒಂದೇ ನಿಮಿಷ. ಬಳಿಕ ಬೇರೆ ಪಾತ್ರೆಯಲ್ಲಿ ಕಾಯಿಸಿಟ್ಟ ಮುಕ್ಕಾಲು ಲೋಟ ಬಿಸಿಹಾಲು ಸೇರಿಸಿ, ಎರಡು ಸಲ ಉಕ್ಕಿಬರುವಷ್ಟು ಕುದಿಸಿ ಸೋಸಿ. ಫ್ರಿಜ್ಜಿನ ತಣ್ಣನೆ ಹಾಲು ಸುರಿದರೆ ಪಾತ್ರೆಯ ಬಿಸಿ ಸರ್‍ರನೆ ಇಳಿಯುತ್ತದೆ, ಪರಿಮಳವೂ ಮಂಕಾಗುತ್ತದೆ. ಬಣ್ಣ ಸಾಲದೆಂದು ಪುಡಿಯನ್ನು ಹತ್ತು ನಿಮಿಷ ಕುದಿಸಬೇಡಿ. ಅದರಿಂದ ಕಡಕ್ ಆಗುವುದಿಲ್ಲ, ನಾಲಿಗೆ ಹಿಡಿಯುವ ಒಗರು ಬರುತ್ತದೆ ಅಷ್ಟೆ. ಕಡಕ್ ಬೇಕಿದ್ದರೆ ಪುಡಿ ಅರ್ಧ ಚಮಚ ಹೆಚ್ಚಿಸಿ.

ಪ್ರಶ್ನೆ: ಸಕ್ಕರೆ ಬಿಟ್ಟು ಬೆಲ್ಲ ಹಾಕಲು ಶುರು ಮಾಡಿದ್ದೇವೆ. ಕೆಲವು ದಿನ ಚೆನ್ನಾಗಿರುತ್ತದೆ, ಕೆಲವು ದಿನ ಒಡೆಯುತ್ತದೆ.
– ಓದುಗರು, ಶಿರಸಿ

ಉತ್ತರ: ಬೆಲ್ಲದಲ್ಲಿ ಸ್ವಲ್ಪ ಹುಳಿಯೂ ಲವಣಗಳೂ ಇರುತ್ತವೆ. ಇವೆರಡೂ ಹಾಲನ್ನು ಒಡೆಯುವಂಥವು, ಕುದಿಯುವ ಹಾಲಾದರೆ ಇನ್ನೂ ಬೇಗ. ಹಳೆಯ ಬೆಲ್ಲ, ಹುಳಿ ಹತ್ತಿದ ಜೋನಿಬೆಲ್ಲ ಇದ್ದ ದಿನ ನಿಮ್ಮ ಚಹಾ ಕೆಡುತ್ತಿರಬೇಕು. ಹೊಸ ಬೆಲ್ಲ ತಂದಾಗ ಒಮ್ಮೆ ಪರೀಕ್ಷೆ ಮಾಡಿಬಿಡಿ: ಸೌಟಿನಲ್ಲಿ ನಾಲ್ಕು ಚಮಚ ಹಾಲು, ಚಿಟಿಕೆ ಬೆಲ್ಲ ಹಾಕಿ ಒಲೆಯ ಮೇಲೆ ಹಿಡಿಯಿರಿ. ಕುದಿ ಬಂದಾಗ ಸೌಟಿನ ಅಂಚಿಗೆ ಸಣ್ಣ ಬಿಳಿ ಹರಳು ಕೂತರೆ ಆ ಬೆಲ್ಲ ಹಾಲಿನ ಚಹಾಕ್ಕಲ್ಲ, ಪಾಯಸಕ್ಕೂ ಹಾಲು ಆರಿದ ಮೇಲೆಯೇ ಹಾಕಿ. ಪರೀಕ್ಷೆಯಲ್ಲಿ ಗೆದ್ದ ಬೆಲ್ಲವನ್ನೂ ಪಾತ್ರೆಗೆ ಹಾಕದೆ, ಪುಡಿ ಮಾಡಿ ಲೋಟದ ತಳದಲ್ಲಿಟ್ಟು, ಒಲೆಯಿಂದಿಳಿಸಿ ಗುಳ್ಳೆ ಅಡಗಿದ ಚಹಾವನ್ನು ಅದರ ಮೇಲೆ ಸೋಸಿ ಕದಡಿ.

ಪ್ರಶ್ನೆ: ಬ್ಲ್ಯಾಕ್ ಟೀ ಮೇಲೆ ಎಣ್ಣೆಯ ಹಾಗೆ ಪದರ ಕಟ್ಟುತ್ತದೆ, ಲೋಟಕ್ಕೂ ಅಂಟುತ್ತದೆ. ಟೀಪುಡಿ ಕಲಬೆರಕೆಯೇ?
– ಓದುಗರು, ಕೋಲಾರ

ಉತ್ತರ: ಬೋರ್‌ವೆಲ್ ನೀರಾದರೆ ಪುಡಿಯನ್ನು ಬೈಯಬೇಡಿ. ಗಡಸು ನೀರಿನ ಸುಣ್ಣದ ಅಂಶವೂ ಟೀಯ ಒಗರಿನ ಅಂಶವೂ ಗಾಳಿ ತಾಗುವ ಕಡೆ ಸೇರಿ ಕಟ್ಟುವ ಪದರ ಅದು. ನೀರನ್ನು ಐದು ನಿಮಿಷ ಕುದಿಸಿ, ಆರಿಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯಷ್ಟನ್ನೇ ಬಳಸಿದರೆ ಬಹಳಷ್ಟು ಕಡಿಮೆಯಾಗುತ್ತದೆ. ನಾಲ್ಕು ಹನಿ ನಿಂಬೆರಸ ಬಿದ್ದರೂ ಪದರ ಕರಗಿ ಬಣ್ಣ ತಿಳಿಯಾಗುತ್ತದೆ. ಮಂಗಳೂರಿನ ಕಡೆ ಬಿರಿಯಾನಿಯ ನಂತರ ಕೊಡುವ, ಹಾಲಿಲ್ಲದ ಸುಲೈಮಾನಿ ಟೀ ಅಷ್ಟು ಹೊಳೆಯುವುದರಲ್ಲಿ ನಿಂಬೆಯ ಪಾಲು ದೊಡ್ಡದು. ಹಾಲು ಹಾಕುವ ಟೀಗೆ ಮಾತ್ರ ಈ ಉಪಾಯ ಸಲ್ಲ.

ಕಲಬೆರಕೆಯ ಅನುಮಾನ ಇನ್ನೂ ಉಳಿದರೆ ಫಿಲ್ಟರ್ ಕಾಗದದ ಮೇಲೆ ಪುಡಿ ಉದುರಿಸಿ, ನೀರು ಚಿಮುಕಿಸಿ, ಪುಡಿ ತೊಳೆದುಹಾಕಿ ನೋಡಿ. ಕಂದು ಕಲೆ ಎದ್ದು ಕಂಡರೆ ಬಣ್ಣ ಬೆರೆತಿದೆ.

ಪ್ರಶ್ನೆ: ಊಟ ಆದ ಕೂಡಲೇ ಟೀ ಕುಡಿಯಬಹುದೇ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಸೊಪ್ಪು, ಕಾಳು, ರಾಗಿಯಲ್ಲಿನ ಕಬ್ಬಿಣದ ಅಂಶವನ್ನು ಟೀ ಹಿಡಿದಿಡುತ್ತದೆ, ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಟೀ-ಕಾಫಿ ಬೇಡ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿಯೂ ಹೇಳಿದೆ. ರಕ್ತಹೀನತೆ ಇರುವವರು, ಬಸುರಿಯರು ಇದನ್ನು ತಪ್ಪದೆ ಪಾಲಿಸಿ.